ಕಾರ್ಡ್‌ಲೆಸ್ ಕೈಕೊಟ್ಟೀತು, ಜೋಕೆ!

ವೇಮಗಲ್‌ನಲ್ಲಿ ಗಣೇಶನ ಮುಂದೆ ಆರ್ಕೆಸ್ಟ್ರಾ ಅಂದ್ರೆ ಅಣ್ಣಾವ್ರ ಹಾಡು ಇರಲೇಬೇಕು. ಪಲ್ಲವಿ ಮುಗಿಯೋ ಮೊದಲೇ ಕಾರ್ಡ್‌ಲೆಸ್ ಮೈಕು ಗೊರಗೊರ ಅಂದ್ರೆ? ಶಿಳ್ಳೆ ಬೀಳಬೇಕಾದ ಕಡೆ ಬೈಗುಳ, ಅದೂ ಪಾಪ ಹಾಡೋ ಹುಡುಗನಿಗೆ!

ತಪ್ಪು ಅವನದಲ್ಲ ಸ್ವಾಮಿ. ಎರಡು ಮೈಕು ಒಂದೇ ಫ್ರೀಕ್ವೆನ್ಸಿಯಲ್ಲಿದ್ದರೆ ಜಗಳ ಗ್ಯಾರಂಟಿ. ಬೇರೆ ಬೇರೆ ಇಡಿ. ರಿಸೀವರ್ ಆಂಪ್ಲಿಫೈಯರ್ ಹಿಂದೆ ಅವಿತಿರಬಾರದು, ಹಾಡುವವನಿಗೆ ನೇರ ಕಾಣಬೇಕು. ನಡುವೆ ಜನ ನಿಂತರೂ ಸಿಗ್ನಲ್ ಸೊರಗುತ್ತೆ. ಸೆಲ್ ಹೊಸದಿರಲಿ. ಜಾಲರಿ ಮುಚ್ಚಿ ಹಿಡಿದು ಸ್ಪೀಕರ್ ಮುಂದೆ ನಿಂತರಂತೂ ಕುಯ್ಯೋ ಅನ್ನುತ್ತೆ! ಎಲ್ಲ ಮೈಕೂ ಆನ್ ಮಾಡಿ, ಸ್ಟೇಜ್ ತುಂಬ ಓಡಾಡಿ ನೋಡಿ.

'ಜೀವನ ಚೈತ್ರ'ದ (1992) ಹಾಡಿಗೆ ಅಣ್ಣಾವ್ರು ಗಾಯಕರಾಗಿ ರಾಷ್ಟ್ರಪ್ರಶಸ್ತಿ ಪಡೆದವರು. ಅಂಥವರ ಹಾಡು ಅರ್ಧಕ್ಕೆ ನಿಲ್ಲಬಾರದು. ಪಕ್ಕದಲ್ಲಿ ವೈರಿನ ಮೈಕೊಂದು ಸಿದ್ಧವಿರಲಿ, ಏನಂತೀರಿ?