ಬುಧವಾರ ರಾತ್ರಿ ಚಿಕನ್ ಮಾಡೋಕೆ ಟೈಮ್ ಇದೆ

ನಮ್ಮ ರೂಮಲ್ಲಿ ನಾಲ್ಕು ಜನ ಇದ್ದೀವಿ. ರಾತ್ರಿ ಎಂಟಾದ್ರೆ ಒಂದೇ ಪ್ರಶ್ನೆ: "ಮಗಾ, ಏನ್ ಆರ್ಡರ್ ಮಾಡೋಣ?" ಡಿಸೈಡ್ ಮಾಡೋಕೆ 20 ನಿಮಿಷ, ಊಟ ಬರೋಕೆ 40 ನಿಮಿಷ. ಇಷ್ಟಾದ್ರೂ ನಾವು ಹೇಳೋದು, "ಅಡುಗೆ ಮಾಡೋಕೆ ಟೈಮ್ ಎಲ್ಲಿದೆ?" ನನ್ನ ಪ್ರಕಾರ ಇದು ಸುಳ್ಳು. ಟೈಮ್ ಇದೆ. ನಮಗೆ ಅಡುಗೆ ಬರಲ್ಲ ಅಷ್ಟೇ.

ಹೋದ ತಿಂಗಳು ಒಂದು ವಿಡಿಯೋ ನೋಡಿ, ಒಂದೇ ಬಾಣಲೆಯಲ್ಲಿ ಮಾಡೋ ಪ್ಯಾಪ್ರಿಕಾ ಚಿಕನ್ ಟ್ರೈ ಮಾಡೋಣ ಅಂತ ಹೊರಟೆ. ಸೂಪರ್‌ಮಾರ್ಕೆಟ್‌ನಲ್ಲಿ ಪ್ಯಾಪ್ರಿಕಾದ ಪುಟ್ಟ ಬಾಟಲಿಯ ರೇಟ್ ನೋಡಿ ವಾಪಸ್ ಇಟ್ಟೆ. ಅಮ್ಮನಿಗೆ ಫೋನ್ ಮಾಡಿ, "ಬಣ್ಣ ಜಾಸ್ತಿ, ಖಾರ ಕಮ್ಮಿ ಇರೋ ಮೆಣಸಿನಪುಡಿ ಬೇಕು" ಅಂದೆ. "ಅದಕ್ಕೇನೋ, ಬ್ಯಾಡಗಿ ಪುಡಿ ಹಾಕು" ಅಂದ್ರು.

ಅಮ್ಮ ಹೇಳಿದ್ದು ಸರಿ. ಹಂಗೇರಿಯವರ ಪ್ಯಾಪ್ರಿಕಾ, ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಎರಡೂ ಒಂದೇ ಪ್ರಭೇದದ ಮೆಣಸಿನಕಾಯಿ. ಎರಡೂ ಮೂಲತಃ ಅಮೆರಿಕ ಖಂಡದಿಂದ ಬಂದಿದ್ದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಹೊಗೆ ವಾಸನೆಯ ಪ್ಯಾಪ್ರಿಕಾದ ರುಚಿ ಇದರಲ್ಲಿ ಬರಲ್ಲ, ಆದ್ರೆ ಬಣ್ಣಕ್ಕೆ ಮೋಸ ಇಲ್ಲ.

ನಾಲ್ಕು ಜನಕ್ಕೆ ಮುಕ್ಕಾಲು ಕೆಜಿ ಚಿಕನ್ ಸಾಕು. ಅಗಲವಾದ ಬಾಣಲೆಯಲ್ಲಿ 3 ಚಮಚ ಎಣ್ಣೆ ಕಾಯಿಸಿ, ಉಪ್ಪು ಹಚ್ಚಿದ ತುಂಡುಗಳನ್ನ ಎರಡೂ ಕಡೆ ಕೆಂಪಗೆ ಹುರಿಯಿರಿ. ಬದಿಗೆ ಸರಿಸಿ 2 ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ ಬಾಡಿಸಿ. ಈಗ ಉರಿ ಸಣ್ಣ ಮಾಡಿ, 3 ಚಮಚ ಬ್ಯಾಡಗಿ ಪುಡಿ ಹಾಕಿ. ಮೆಣಸಿನಕಾಯಿಯ ಕೆಂಪು ಬಣ್ಣ ಎಣ್ಣೆಯಲ್ಲಿ ಕರಗುತ್ತೆ, ನೀರಲ್ಲಿ ಅಲ್ಲ. ಅದಕ್ಕೇ ನೀರಿಗಿಂತ ಮೊದಲು ಪುಡಿ. ಆದ್ರೆ ಎಣ್ಣೆ ಹೊಗೆಯಾಡ್ತಿದ್ರೆ ಪುಡಿ ಸೀದು ಕಹಿಯಾಗುತ್ತೆ. ನನ್ನ ಫಸ್ಟ್ ಅಟೆಂಪ್ಟ್ ಹೀಗೇ ಬ್ಯಾಕ್‌ಲಾಗ್ ಆಯ್ತು. ಅರ್ಧ ನಿಮಿಷ ಬಿಟ್ಟು 2 ಟೊಮೆಟೊ, 3 ಆಲೂಗಡ್ಡೆ, ಅರ್ಧ ಲೋಟ ನೀರು ಹಾಕಿ ಮುಚ್ಚಿ. 25 ನಿಮಿಷ ಬೇಯಲಿ. ದಪ್ಪ ತುಂಡನ್ನ ಕತ್ತರಿಸಿದ್ರೆ ಒಳಗೆ ಹಸಿ ಇರಬಾರದು. ಬ್ರೆಡ್ ಜೊತೆ ಸೂಪರ್. ಅದು ಬೇಯೋ ಹೊತ್ತಲ್ಲಿ ಲ್ಯಾಬ್ ರೆಕಾರ್ಡ್ ಬರೀಬಹುದು. ನಾನು ಬರೆದೆ.

ಎರಡನೇ ಸಲ ಚೆನ್ನಾಗಿ ಬಂತು. ಫೋಟೋ ಕಳಿಸಿ ಅಮ್ಮನಿಗೆ ಫೋನ್ ಮಾಡಿದೆ. ಹೊಗಳ್ತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಬಾಣಲೆ ಯಾರೋ ತೊಳೆದಿದ್ದು?"

ಬಾಣಲೆ ಇನ್ನೂ ಸಿಂಕಲ್ಲೇ ಇತ್ತು.

ಅಮ್ಮ ಕೆಲಸದಿಂದ ಮನೆಗೆ ಬರೋದು ಸಂಜೆ ಆರೂವರೆಗೆ. ಎಂಟೂವರೆಗೆ ಊಟ ರೆಡಿ ಇರ್ತಿತ್ತು. ಅನ್ನ, ಸಾರು, ಪಲ್ಯ ಅಂತ ಐದಾರು ಪಾತ್ರೆ, ವಾರದಲ್ಲಿ ಏಳೂ ದಿನ. ನಾನು ತಟ್ಟೆ ಮುಂದೆ ಕೂತು "ಇವತ್ತೂ ಇದೇನಾ?" ಅಂತಿದ್ದೆ. ಅದನ್ನ "ಅಮ್ಮನ ಕೈರುಚಿ" ಅಂತ ಸ್ಟೇಟಸ್ ಹಾಕಿದ್ದೂ ಇದೆ. ಅದು ದುಡಿಮೆ ಅಂತ ಹೊಳೆದಿದ್ದು ಒಂದು ಬಾಣಲೆಯ ತಳ ಉಜ್ಜಿದಾಗ.

ಹಾಸ್ಟೆಲ್‌ನಲ್ಲಿ ಅಡುಗೆ ಮಾಡೋಕೆ ಬಿಡಲ್ಲ, ಒಪ್ತೀನಿ. ಪರೀಕ್ಷೆ ವಾರದಲ್ಲಿ ಆರ್ಡರ್ ಮಾಡಿದ್ರೆ ತಪ್ಪೇನಿಲ್ಲ. ಚಿಕನ್ ತಿನ್ನದವರು ಪನೀರ್ ಹಾಕಿ, ಅದನ್ನ ಕೊನೆಯ ಐದು ನಿಮಿಷಕ್ಕೆ ಹಾಕಿದ್ರೆ ಸಾಕು. ಆದ್ರೆ ಸರ್ಕ್ಯೂಟ್ ಡಿಸೈನ್ ಮಾಡೋ ನಮಗೆ, ಅದ್ರಲ್ಲೂ ಹುಡುಗರಿಗೆ, ನಮ್ಮ ಹೊಟ್ಟೆಗೆ ಒಂದು ಊಟ ಮಾಡ್ಕೊಳ್ಳೋಕೆ ಬರಲ್ಲ ಅನ್ನೋದು ತಮಾಷೆ ವಿಷಯ ಅಲ್ಲ. ಮುಂದೆ ನಮ್ಮ ಮನೆಯಲ್ಲೂ ಯಾರೋ ಒಬ್ಬರು ಕೆಲಸದಿಂದ ಸುಸ್ತಾಗಿ ಬಂದು ನಮಗೋಸ್ಕರ ಒಲೆ ಮುಂದೆ ನಿಲ್ಲಬೇಕಾ?

ಈ ದಸರಾ ರಜೆಗೆ ಊರಿಗೆ ಹೋದಾಗ ಒಂದು ರಾತ್ರಿ ಅಡುಗೆ ನನ್ನದು. ಪಾತ್ರೆನೂ ನನ್ನದೇ.