ನಾಲ್ಕು ಪಾಲು ಸಂಬಳದ ಹೊಸ್ತಿಲು

ಹಿರೇಕೆರೂರಿನಲ್ಲಿ ಸಂಜೆ ಆರಾದರೆ ನನಗೆ ಗೊತ್ತಿರುವ ಹುಡುಗಿಯೊಬ್ಬಳು ಮಾಳಿಗೆ ಮೇಲಿನ ಕೋಣೆ ಸೇರಿ ಲ್ಯಾಪ್‌ಟಾಪ್ ತೆರೆಯುತ್ತಾಳೆ. ಮೂಲೆಯಲ್ಲಿ ಗೋವಿನಜೋಳದ ಚೀಲಗಳು, ಮಂಚದಡಿ ಇನ್ವರ್ಟರ್. ಕರೆಂಟು ಹೋದರೆ ಕೈ ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋಗುತ್ತದೆ. ಕಚೇರಿ ಅಮೆರಿಕದ್ದು. ಅದೇ ತಂಡದಲ್ಲಿ ಅದೇ ಕೆಲಸ ಮಾಡುವ ಅಮೆರಿಕದ ಹುಡುಗ ಮಾತ್ರ ಪೋರ್ಚುಗಲ್‌ನ ಕಡಲತಡಿಯಲ್ಲಿ ಕೂತಿರುತ್ತಾನೆ. ‘ನೀನೂ ಬಂದುಬಿಡು’ ಅನ್ನುತ್ತಾನಂತೆ.

ಹೇಗೆ ಹೋದಾಳು? 2020ರಲ್ಲಿ ಬಾರ್ಬಡೋಸ್, ಎಸ್ಟೋನಿಯಾ ತೆರೆದ, ಹೊರಗಿನ ಕಚೇರಿಗೆ ದುಡಿಯುತ್ತಲೇ ಆ ದೇಶದಲ್ಲಿ ಇರಲು ಬಿಡುವ ‘ಡಿಜಿಟಲ್ ಅಲೆಮಾರಿ’ ವೀಸಾವನ್ನು ಈಗ ಹತ್ತಾರು ದೇಶಗಳು ಕೊಡುತ್ತಿವೆ. ಎಲ್ಲಿಂದಾದರೂ ದುಡಿಯಿರಿ ಎಂಬ ಕರೆ ಎಲ್ಲರಿಗೂ ಕೇಳಿಸುತ್ತದೆ, ಬಾಗಿಲು ತೆರೆಯುವುದು ಕೆಲವರಿಗೆ. ಪೋರ್ಚುಗಲ್ 2022ರಲ್ಲಿ ಇಟ್ಟ ಷರತ್ತು ನೋಡಿ: ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ಇರಬೇಕು. 2025ರ ಲೆಕ್ಕದಲ್ಲಿ ಅದು ತಿಂಗಳಿಗೆ 3,480 ಯೂರೋ, ನಮ್ಮ ಮೂರು ಲಕ್ಷ ರೂಪಾಯಿ ಮೀರಿದ ಹಣ. ಮಲೇಷ್ಯಾಕ್ಕೆ ತಂತ್ರಜ್ಞರು ವರ್ಷಕ್ಕೆ 24,000 ಡಾಲರ್ ತೋರಿಸಬೇಕು. ಜಪಾನ್ 2024ರಲ್ಲಿ ಒಂದು ಕೋಟಿ ಯೆನ್ ಆದಾಯ ಕೇಳಿತು; ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಷ್ಟು ಹಣವಿದ್ದರೂ ಆ ವೀಸಾ ಇಲ್ಲ.

ಬಂದವರು ನಮಗೆ ಹೊರೆಯಾಗಬಾರದಲ್ಲ ಎಂದು ಸಮರ್ಥಿಸುವವರಿದ್ದಾರೆ. ಒಪ್ಪೋಣ. ಬಾಡಿಗೆ ಕಟ್ಟುವ ಶಕ್ತಿ ಇದೆಯೇ, ವಿಮೆ ಇದೆಯೇ ಎಂದು ಕೇಳಲಿ. ಆದರೆ ಲಿಸ್ಬನ್ನಿನ ಅಂಗಡಿಯಲ್ಲಿ ದುಡಿಯುವ ಹೆಣ್ಣುಮಗಳು ಒಂದು ಪಾಲಿನಲ್ಲಿ ತಿಂಗಳು ತೂಗಿಸುತ್ತಿರುವಾಗ ನಮ್ಮವಳು ನಾಲ್ಕು ಪಾಲು ಯಾಕೆ ತೋರಿಸಬೇಕು? ಅಲ್ಲಿನ ಜನ ಬಾಡಿಗೆ ಏರಿತೆಂದು ಬೀದಿಗಿಳಿದದ್ದೂ ಉಂಟು. ಅವರ ಸಿಟ್ಟು ನ್ಯಾಯವಾದದ್ದು. ನಾಲ್ಕು ಪಾಲು ಗಳಿಸುವವರನ್ನೇ ಆರಿಸಿ ಕರೆದರೆ ಬಾಡಿಗೆ ಏರದೆ ಇನ್ನೇನಾಗುತ್ತದೆ? ಹೊಸ್ತಿಲನ್ನು ಎತ್ತರಿಸಿದ್ದರಿಂದ ಅಲ್ಲಿಯ ಬಡವರಿಗೂ ಪೆಟ್ಟು, ಇಲ್ಲಿಯ ದುಡಿಮೆಗಾರರಿಗೂ ಪೆಟ್ಟು.

ಇದರ ಬುಡದಲ್ಲಿ ಇನ್ನೊಂದು ಅನ್ಯಾಯವಿದೆ. ಅವಳ ಸಂಬಳ ಕಡಿಮೆ ಇರುವುದು ಕೆಲಸ ಕಡಿಮೆ ಎಂದಲ್ಲ, ಹಿರೇಕೆರೂರಿನಲ್ಲಿ ಕೂತಿದ್ದಾಳೆ ಎಂದು. ಊರು ನೋಡಿ ಸಂಬಳ ಕಡಿತ, ಸಂಬಳ ನೋಡಿ ವೀಸಾ ನಿರಾಕರಣೆ. ಊರು ಬಿಡಲು ಸಂಬಳ ಬೇಕು, ಸಂಬಳ ಏರಲು ಊರು ಬಿಡಬೇಕು. ಈ ಗಾಣ ಸುತ್ತಿಸುತ್ತಿರುವವರು ಅದನ್ನು ಸ್ವಾತಂತ್ರ್ಯ ಎಂದು ಕರೆಯುವುದನ್ನು ನಾನು ಒಪ್ಪಲಾರೆ. ಊರೂರು ಅಲೆದ ಸರ್ವಜ್ಞನನ್ನು ನಮ್ಮ ಅಬಲೂರು, ಮಾಸೂರಿನ ಸೀಮೆ ತನ್ನವನೆಂದು ಹೇಳಿಕೊಳ್ಳುತ್ತದೆ. ಅಲೆಮಾರಿ ಎಂಬ ಮಾತಿಗೆ ಈ ನೆಲದಲ್ಲಿ ಬೆಲೆಯಿದೆ.

ನಮ್ಮ ದೇಶದಲ್ಲಿ ಇಂಥ ವೀಸಾ ಇಲ್ಲ. ಹೊರದೇಶದವರು ಪ್ರವಾಸಿ ವೀಸಾದಲ್ಲಿ ಬಂದು ಗೋಕರ್ಣದ ಗುಡಿಸಲಲ್ಲಿ ಲ್ಯಾಪ್‌ಟಾಪ್ ಬಿಚ್ಚಿದರೆ ಕೇಳುವವರಿಲ್ಲ. ಅವರನ್ನು ಓಡಿಸಿ ಎಂದು ನಾನು ಹೇಳುವುದಿಲ್ಲ. ಅವರು ಬರಲಿ, ಕಾನೂನಿನ ನೆರಳಲ್ಲೇ ಬರಲಿ. ಭಾರತವೂ ವೀಸಾ ತೆರೆಯಲಿ ಎಂದು ಗೋವಾ ಕಡೆಯಿಂದ ಕೇಳಿಬರುವ ಬೇಡಿಕೆಗೂ ನನ್ನ ತಕರಾರಿಲ್ಲ. ಆದರೆ ಕೊಟ್ಟು ತಗೊಳ್ಳುವ ಮಾತು ಮೊದಲಾಗಬೇಕು. ನಿಮ್ಮವರಿಗೆ ಗೋಕರ್ಣ ತೆರೆದರೆ ನಮ್ಮವರಿಗೆ ನಾಲ್ಕು ಪಾಲಿನ ಷರತ್ತು ಇಳಿಯಬೇಕು, ಆ ಊರಲ್ಲಿ ಬದುಕಲು ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಬೇಕು.

ವೀಸಾ ಕೇಂದ್ರ ಸರ್ಕಾರದ ಕೈಯಲ್ಲಿದೆ. ಹಿರೇಕೆರೂರು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಸಂಸದ ಬಸವರಾಜ ಬೊಮ್ಮಾಯಿಯವರು ಈ ಪ್ರಶ್ನೆಯನ್ನು ಸದನದಲ್ಲಿ ವಿದೇಶಾಂಗ ಸಚಿವರ ಮುಂದಿಡಲಿ. ಕೇಳಿದ ದಿನ ಸಂಜೆ, ಮಾಳಿಗೆಯ ಆ ಕೋಣೆಗೆ ಹೋಗಿ ಅವಳಿಗೆ ನಾನೇ ಸುದ್ದಿ ಮುಟ್ಟಿಸುತ್ತೇನೆ.