ಹೊಸ ಕನ್ಸೋಲ್ ಬರಲಿ, ಡಿಸ್ಕ್ ಹಾಕುವ ಕಿಂಡಿ ಮುಚ್ಚಬೇಡಿ

ಖಾನಾಪುರದಿಂದ ಬೆಳಗಾವಿಗೆ ಹೊರಟ ಬೆಳಗಿನ ಬಸ್ಸು. ನನ್ನ ಪಕ್ಕ ಕೂತ ಕಾಲೇಜು ಹುಡುಗನ ಚೀಲದಲ್ಲಿ ನೋಟ್‌ಬುಕ್ಕಿನ ನಡುವೆ ಒಂದು ನೀಲಿ ಡಬ್ಬಿ ಇತ್ತು. ಪ್ಲೇಸ್ಟೇಷನ್ ಡಿಸ್ಕಿನ ಡಬ್ಬಿ. ಏನಪ್ಪಾ ಇದು ಅಂತ ಕೇಳಿದೆ.

"ಫುಟ್ಬಾಲ್ ಗೇಮ್ ರಿ ಅಣ್ಣಾ. ಟಿಳಕವಾಡಿಯಾಗ ದೋಸ್ತ್ ಅದಾನ. ಇದನ್ನ ಅವಂಗ ಕೊಟ್ಟು, ಅವನ ಕಡೆ ಇದ್ದದ್ದು ಇಸ್ಕೊಂಡ್ ಬರ್ತೀನಿ."

ಹೊಸ ಕನ್ಸೋಲ್ ಬರ್ತದಂತಲ್ಲ, ಅದರಾಗ ಏನ್ ಇರಬೇಕು ನಿನಗ ಅಂದೆ. ಅವನು ಗ್ರಾಫಿಕ್ಸ್ ಬಗ್ಗೆ ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ಹೇಳಿದ್ದು ಬೇರೆ: "ಗ್ರಾಫಿಕ್ಸ್ ಹೆಂಗರ ಇರ್ಲಿರಿ. ಡಿಸ್ಕ್ ಹಾಕಾಕ ಜಾಗಾ ಇರ್ತದೋ ಇಲ್ಲೋ, ಅದ ಚಿಂತಿ."

ಆ ಚಿಂತೆ ಖರೇ ಐತಿ ಅಂತ ಹೇಳಲಿಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಕನ್ಸೋಲ್ ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮಿನ ಪೆಟ್ಟಿಗೆ. ನಮ್ಮ ಅಣ್ಣಂದಿರ ಕಾಲದಲ್ಲಿ ಅದಕ್ಕೆ 'ಟಿವಿ ಗೇಮ್' ಅನ್ನುತ್ತಿದ್ದರು. 'ಕ್ಯಾಸೆಟ್' ಸಿಕ್ಕಿಸಿ, ಹತ್ತದಿದ್ದರೆ ಬಾಯಿಂದ ಊದಿ, ಮಾರಿಯೋ, ಕಾಂಟ್ರಾ ಆಡುತ್ತಿದ್ದರು. ಒಂದು ಮನೆಯ ಕ್ಯಾಸೆಟ್ ಇಡೀ ಓಣಿ ಸುತ್ತಿ ಬರುತ್ತಿತ್ತು. ಹಳ್ಳಿಗೆ ವಿಡಿಯೋ ಗೇಮ್ ಬಂದದ್ದೇ ಹೀಗೆ, ಕೈಯಿಂದ ಕೈಗೆ.

ಈಗ ಆ ದಾರಿಯನ್ನೇ ಕಂಪನಿಗಳು ಮೆಲ್ಲಗೆ ಮುಚ್ಚುತ್ತಿವೆ.

2021ರ ಫೆಬ್ರುವರಿ 2ರಂದು ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಎರಡು ಪೆಟ್ಟಿಗೆ ಇದ್ದವು. ಡಿಸ್ಕ್ ಹಾಕುವ ಕಿಂಡಿ ಇದ್ದದ್ದಕ್ಕೆ 49,990 ರೂಪಾಯಿ, ಇಲ್ಲದ್ದಕ್ಕೆ 39,990. 2024ರ ನವೆಂಬರ್‌ನಲ್ಲಿ ಹೊರದೇಶಗಳಲ್ಲಿ ಬಂದ ಪಿಎಸ್5 ಪ್ರೊ ಎಂಬ ದುಬಾರಿ ಪೆಟ್ಟಿಗೆಯಲ್ಲಿ ಕಿಂಡಿಯೇ ಇಲ್ಲ. ಬೇಕಾದರೆ ಬೇರೆ ದುಡ್ಡು ಕೊಟ್ಟು ಡ್ರೈವ್ ತಂದು ಜೋಡಿಸಿಕೊಳ್ಳಬೇಕು. 2025ರ ಜೂನ್ 5ರಂದು ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ ಕಾರ್ಡ್ ಹಾಕುವ ಜಾಗ ಇದೆ. ಆದರೆ ಅದರ ಕೆಲವು ಕಾರ್ಡುಗಳ ಒಳಗೆ ಗೇಮೇ ಇರುವುದಿಲ್ಲ, ಬರೀ ಕೀಲಿ ಇರುತ್ತದೆ. ಗೇಮನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು. ಸೋನಿ, ಮೈಕ್ರೋಸಾಫ್ಟ್ ಎರಡೂ ಮುಂದಿನ ಪೆಟ್ಟಿಗೆಗೆ ಚಿಪ್ ಕಂಪನಿಯ ಜೊತೆ ಕೆಲಸ ನಡೆದಿದೆ ಅಂತ 2025ರಲ್ಲೇ ಹೇಳಿವೆ. ಹಾಗಾಗಿ ಮಾತಾಡುವುದಿದ್ದರೆ ಈಗಲೇ ಮಾತಾಡಬೇಕು. ಪೆಟ್ಟಿಗೆ ತಯಾರಾಗಿ ಅಂಗಡಿಗೆ ಬಂದ ಮೇಲೆ ಅತ್ತು ಏನು ಫಲ?

"ಡಿಸ್ಕ್ ಯಾಕೆ ಬೇಕು? ನೆಟ್ ಇದೆಯಲ್ಲ, ಡೌನ್‌ಲೋಡ್ ಮಾಡ್ಕೊಳ್ಳಿ" ಅನ್ನುವವರು ಇದ್ದಾರೆ. ಮನೆಗೆ ಫೈಬರ್ ಎಳೆಸಿಕೊಂಡವರ ಮಾತು ಅದು. ಅವರಿಗೆ ಒಂದು ಲೆಕ್ಕ ಹೇಳುತ್ತೇನೆ. ಇವತ್ತಿನ ದೊಡ್ಡ ಗೇಮ್ ಅಂದರೆ ಸುಮಾರು 100 ಜಿಬಿ. ನಮ್ಮಲ್ಲಿ ಎಷ್ಟೋ ಜನರ ಫೋನಿಗೆ ಇರುವುದು ದಿನಕ್ಕೆ 1.5 ಜಿಬಿಯ ರಿಚಾರ್ಜ್. ವಾಟ್ಸಾಪ್ ಮುಟ್ಟದೆ, ಒಂದೂ ರೀಲ್ಸ್ ನೋಡದೆ, ಎಲ್ಲವನ್ನೂ ಗೇಮಿಗೇ ಸುರಿದರೂ 67 ದಿನ ಬೇಕು. ಯುಗಾದಿಗೆ ಶುರು ಮಾಡಿದರೆ ಮಳೆಗಾಲದ ಹೊತ್ತಿಗೆ ಮುಗಿದೀತು. ಮಳೆಗಾಲದಲ್ಲಿ ಕಣಕುಂಬಿ, ಜಾಂಬೋಟಿ ಕಡೆ ಏನಾಗುತ್ತದೆ ಅಂತ ಅಲ್ಲಿಯವರನ್ನೇ ಕೇಳಿ. ಕರೆಂಟ್ ಹೋದರೆ ಅದರ ಹಿಂದೆಯೇ ಟವರ್ ಹೋಗುತ್ತದೆ. ಭೀಮಗಡದ ಕಾಡಿನೊಳಗಿನ ಊರುಗಳಲ್ಲಿ ಬರೀ ಒಂದು ಫೋನ್ ಮಾಡಲಿಕ್ಕೂ ಸಿಗ್ನಲ್ ಹುಡುಕಿಕೊಂಡು ಹೋಗಬೇಕು. ಆ ಮನೆಗೆ ನೀವು 100 ಜಿಬಿ ಇಳಿಸಿಕೊಳ್ಳಿ ಅನ್ನುತ್ತೀರಾ? ಒಂದು ಡಿಸ್ಕಿನಲ್ಲಿ 100 ಜಿಬಿ ತುಂಬಬಹುದು. ಅದು ಬಸ್ಸಿನಲ್ಲಿ ಒಂದು ತಾಸಿನಲ್ಲಿ ಖಾನಾಪುರ ಮುಟ್ಟುತ್ತದೆ. ನಮ್ಮ ಬ್ರಾಡ್‌ಬ್ಯಾಂಡ್ ಅಂದರೆ ಅದೇ ಕೆಂಪು ಬಸ್ಸು.

ಇನ್ನು ದುಡ್ಡಿನ ಮಾತು. 2021ರ ಆ ರೇಟಿನಲ್ಲಿ ಕಿಂಡಿ ಇಲ್ಲದ ಪೆಟ್ಟಿಗೆ 10,000 ರೂಪಾಯಿ ಅಗ್ಗ ಇತ್ತು ಅಂತ ಬಡವರ ಮನೆ ಹುಡುಗ ಅದನ್ನೇ ತಂದ. ಅಲ್ಲೇ ಸಿಕ್ಕಿಬೀಳುವುದು. ಆಗ ಪಿಎಸ್5ರ ಒಂದು ದೊಡ್ಡ ಹೊಸ ಗೇಮಿಗೆ 4,999 ರೂಪಾಯಿ ಇತ್ತು. ಎರಡು ಗೇಮ್ ಕೊಂಡರೆ 9,998. ಉಳಿಸಿದ್ದು ಅಲ್ಲಿಗೆ ಸರಿಹೋಯಿತು. ಡಿಸ್ಕ್ ಇದ್ದರೆ ಆಡಿ ಮುಗಿಸಿ ಮಾರಬಹುದು, ಬದಲಿ ಮಾಡಿಕೊಳ್ಳಬಹುದು, ಹಳೆಯದನ್ನು ಕಡಿಮೆ ದುಡ್ಡಿಗೆ ತರಬಹುದು. ನಾಲ್ಕು ಗೆಳೆಯರು ಒಬ್ಬೊಬ್ಬರು ಒಂದೊಂದು ಡಿಸ್ಕ್ ತಂದರೆ ನಾಲ್ವರೂ ನಾಲ್ಕು ಗೇಮ್ ಆಡುತ್ತಾರೆ. ಡೌನ್‌ಲೋಡ್ ಆದರೆ ಅಂಗಡಿ ಒಂದೇ, ಕಂಪನಿಯದ್ದು. ಅವರು ಹೇಳಿದ್ದೇ ರೇಟು. ಸೇಲ್ ಹಾಕಿದಾಗ ಅಗ್ಗವಾಗಿ ಸಿಗುತ್ತದೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಯಾವಾಗ ಅಗ್ಗ ಮಾಡಬೇಕು ಅನ್ನುವುದು ಅವರ ಮರ್ಜಿ.

ಇಷ್ಟು ದುಡ್ಡು ಕೊಟ್ಟರೂ ಆ ಗೇಮ್ ನಿಮ್ಮದಾಗುವುದಿಲ್ಲ. ನಿಮಗೆ ಸಿಗುವುದು ಆಡುವ ಪರವಾನಗಿ ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಈ ಸಂಗತಿಯನ್ನು ಕೊಳ್ಳುವವರಿಗೆ ಮೊದಲೇ ತಿಳಿಸಬೇಕು ಅಂತ ಕಾನೂನು ಮಾಡಿದ್ದಾರೆ. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಎಮ್ಮೆ ಕೊಂಡವನಿಗೆ "ಹಾಲು ಕುಡಿ, ಆದರೆ ಎಮ್ಮೆ ನಿಂದಲ್ಲ, ಮಾರುವ ಹಾಗಿಲ್ಲ" ಅಂದರೆ ಸಂತೆಯಲ್ಲಿ ಯಾರು ಸುಮ್ಮನಿರುತ್ತಾರೆ?

ಇದನ್ನು ಓದಿ ಹಿರಿಯರು ಬೈಯಬಹುದು. "ಊರಿಗೆ ಸರಿಯಾದ ರಸ್ತೆ ಇಲ್ಲ, ಇವರಿಗೆ ಗೇಮಿನ ಚಿಂತಿ!" ಕಾಕಾ, ರಸ್ತೆಯೂ ಬೇಕು. ಆದರೆ ನಿಮಗೆ ಗೇಮ್ ಅಂದರೆ ಯಾಕೆ ಭಯ ಅಂತ ನನಗೆ ಗೊತ್ತು. ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಆಟದಿಂದ ಎಷ್ಟೋ ಮನೆ ಹಾಳಾದವು. ಅದಕ್ಕೇ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಅಂಥ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಡಿಸ್ಕಿನ ಗೇಮ್ ಬೇರೆ ತರಹದ್ದು. ಒಬ್ಬನೇ ಕೂತು ಆಡುವ ಕಥೆಯ ಗೇಮಿಗೆ ದುಡ್ಡು ಕೊಡುವುದು ಒಂದೇ ಸಲ. ಅದು ನಿಮ್ಮ ಹುಡುಗನ ಯುಪಿಐ ಪಿನ್ ಕೇಳುವುದಿಲ್ಲ. ಪರೀಕ್ಷೆ ಬಂದರೆ ನೀವು ಡಿಸ್ಕನ್ನು ತೆಗೆದು ಟ್ರಂಕಿನಲ್ಲಿ ಹಾಕಿ ಕೀಲಿ ಜಡಿಯಬಹುದು. ಫೋನಿನ ಗೇಮನ್ನು ಯಾವ ಟ್ರಂಕಿನಲ್ಲಿ ಇಡುತ್ತೀರಿ?

"ನಾವು ಖಾನಾಪುರದಾಗ ಕೂತು ಕೂಗಿದ್ರ ಜಪಾನಿನವರಿಗೆ ಕೇಳಸ್ತದೇನು?" ಅಂತ ಬಸ್ಸಿನ ಹುಡುಗನೂ ನಕ್ಕ. ಕೇಳಿಸಿದ ಉದಾಹರಣೆ ಇದೆ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆಯಾದರೂ ನೆಟ್‌ಗೆ ಸೇರಬೇಕು, ಡಿಸ್ಕನ್ನು ಸಾಲ ಕೊಡಲಿಕ್ಕೆ, ಮಾರಲಿಕ್ಕೆ ಷರತ್ತು ಇರುತ್ತದೆ ಅಂತ ಹೇಳಿತ್ತು. ಆಡುವವರು ಸಿಟ್ಟಿಗೆದ್ದರು. ಜೂನ್ 19ರಂದು, ಪೆಟ್ಟಿಗೆ ಅಂಗಡಿಗೆ ಬರುವ ಮೊದಲೇ, ಕಂಪನಿ ಆ ನಿಯಮಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿತು. ಅದೇ ತಿಂಗಳು ಸೋನಿ ಒಂದು ಪುಟ್ಟ ವಿಡಿಯೋ ಹಾಕಿ ಅವರನ್ನು ಗೇಲಿ ಮಾಡಿತ್ತು. ಪ್ಲೇಸ್ಟೇಷನ್ 4ರಲ್ಲಿ ಗೇಮ್ ಹಂಚಿಕೊಳ್ಳುವುದು ಹೇಗೆ ಅಂತ ಅದರಲ್ಲಿ ತೋರಿಸಿದ್ದರು. ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುತ್ತಾನೆ, ಅವನು ಥ್ಯಾಂಕ್ಸ್ ಅನ್ನುತ್ತಾನೆ. ಅಷ್ಟೇ. ಇವತ್ತು ಕಿಂಡಿಯಿಲ್ಲದ ಪ್ರೊ ಮಾರಿದ್ದೂ ಅದೇ ಸೋನಿ. ಅವತ್ತು ಹೇಳಿದ್ದು ಸರಿ ಇದ್ದರೆ ಇವತ್ತು ಮಾಡುತ್ತಿರುವುದು ತಪ್ಪು.

ಡಿಸ್ಕ್ ಇದ್ದರೆ ಎಲ್ಲವೂ ಸರಿ ಅಂತ ನಾನು ಹೇಳುತ್ತಿಲ್ಲ. ಡಿಸ್ಕ್ ಹಾಕಿದ ಮೇಲೂ ದೊಡ್ಡ ಅಪ್‌ಡೇಟ್ ಕೇಳುವ ಗೇಮ್‌ಗಳಿವೆ. ಅದಕ್ಕೇ ಹೊಸ ಕನ್ಸೋಲ್‌ಗೆ ನಮ್ಮ ಬೇಡಿಕೆ ಮೂರು. ಭಾರತದಲ್ಲಿ ಮಾರುವ ಪೆಟ್ಟಿಗೆಯಲ್ಲೇ ಡಿಸ್ಕಿನ ಕಿಂಡಿ ಇರಲಿ. ಪೂರ್ತಿ ಗೇಮ್ ಡಿಸ್ಕಿನಲ್ಲೇ ಇರಲಿ. ಒಬ್ಬರೇ ಆಡುವ ಗೇಮ್ ನೆಟ್ ಇಲ್ಲದೆಯೂ ನಡೆಯಲಿ. ಇವು ಮೂರೂ ಇದ್ದರೆ ಗ್ರಾಫಿಕ್ಸ್ ಒಂದು ಕೈ ಕಡಿಮೆಯಾದರೂ ನಡೆಯುತ್ತದೆ.

ನೀವು ಮಾಡಬೇಕಾದದ್ದೂ ಇದೆ. ಊರಿನ ಹುಡುಗರೆಲ್ಲ ದುಡ್ಡು ಕೂಡಿಸಿ ಪೆಟ್ಟಿಗೆ ತರುವಾಗ ರೇಟು ಕೇಳುವ ಮೊದಲು ಕಿಂಡಿ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ವಾಪಸ್ ಬನ್ನಿ. ಯಾಕೆ ವಾಪಸ್ ಹೊರಟಿರಿ ಅಂತ ಅಂಗಡಿಯವರಿಗೂ ಹೇಳಿ. ಕಂಪನಿಗಳ ಪೇಜಿನಲ್ಲಿ ಕನ್ನಡದಲ್ಲೇ ಕಾಮೆಂಟ್ ಹಾಕಿ, ಅರ್ಥ ಮಾಡಿಕೊಳ್ಳುವ ಕೆಲಸ ಅವರದ್ದು.

ಸಂಜೆ ವಾಪಸ್ ಬರುವ ಬಸ್ಸಿನಲ್ಲಿ ಆ ಹುಡುಗ ಮತ್ತೆ ಸಿಕ್ಕ. ಚೀಲದಲ್ಲಿ ಬೇರೆ ಡಬ್ಬಿ ಇತ್ತು. ಅವನ ಖರ್ಚು ಬಸ್ ಚಾರ್ಜ್ ಅಷ್ಟೇ.